ಸೀಪ್ಲೇನಿನ ಕೆಳಗಿನ ನೀರು

ಅಣ್ಣಾ,

ಸಾಯೋ ಮುಂಚೆ ನೀನು ಅರ್ಧಕ್ಕೆ ಬಿಟ್ಟಿದ್ದ ಸೀಪ್ಲೇನ್ ಮಾಡೆಲನ್ನು ಈ ರಜೆಯಲ್ಲಿ ನಾನು ಮುಗಿಸಿದೆ. ಮುಟ್ಟಿದರೆ ಕೈಮೇಲೆ ಹೊಡೀತಿದ್ದೆ, ಈಗ ಹೊಡೆಯೋಕೆ ನೀನಿಲ್ಲ. ಹಳೇ ವಿಮಾನದಂತೆ ಕಾಣಲಿ ಅಂತ ಬಳಿದ ತುಕ್ಕು, ಉಪ್ಪಿನ ಕಲೆ, ಮಾಸಿದ ಬಣ್ಣ ಎಲ್ಲಾ ನಿನ್ನದೇ ಕೈಕೆಲಸ. ನೀರಿನ ಮೇಲಿಳಿಯೋ ವಿಮಾನ, ಅದರ ಕೆಳಗಿನ ನೀರೊಂದು ಬಾಕಿ ಇತ್ತು. ಗಾಜಿನಂತೆ ಗಟ್ಟಿಯಾಗೋ ರೆಸಿನ್ ದ್ರವ ಒಂದೇ ಸಲ ಸುರಿದರೆ ಬಿಸಿಯಾಗಿ ಬಿರುಕು ಬಿಡುತ್ತೆ ಅಂತ ನಿನ್ನ ನೋಟ್‌ಬುಕ್‌ನಲ್ಲಿ ಬರೆದಿದ್ದೆಯಲ್ಲ, ಅದಕ್ಕೇ ದಿನಕ್ಕೊಂದು ತೆಳು ಪದರ ಹಾಕಿದೆ. ಅಮ್ಮ ಕಾಲಿಡದ ನಿನ್ನ ರೂಮಿನಲ್ಲಿ, ಒಂಬತ್ತು ದಿನ. ಸೀರಿಯಸ್ಲಿ, ಎಕ್ಸಾಮಿಗೂ ಇಷ್ಟು ಟೆನ್ಷನ್ ಆಗಿರಲಿಲ್ಲ.

ಇವತ್ತು ಅದನ್ನು ಹಾಲಿಗೆ ತಂದಿಟ್ಟೆ. ನಾನು ಬಾಯಿ ತೆರೆಯೋ ಮೊದಲೇ ಅಮ್ಮ ಚಿಕ್ಕಮ್ಮನನ್ನು ಕರೆದಳು.

"ನೋಡೇ, ಹೋಗೋ ಮುಂಚೆ ಮುಗಿಸಿಟ್ಟಿದ್ದಾನೆ. ಆ ನೀರು ಮುಟ್ಟಿದ್ರೆ ಕೈ ಒದ್ದೆಯಾಗುತ್ತೇನೋ! ನನ್ನ ಮಗನ ಕೈ ಅಂದ್ರೆ ಕೈ."

"ಇವಳಿಗೂ ಸ್ವಲ್ಪ ಕಲಿಸಿ ಹೋಗಬಾರದಿತ್ತಾ?" ಅಂದಳು ಚಿಕ್ಕಮ್ಮ.

"ಇವಳಿಗಾ? ಹಾಸ್ಟೆಲ್‌ನಲ್ಲಿ ಬೆಳೆದವಳು, ಒಂದು ಗುಂಡಿ ಹೊಲಿಯೋಕೂ ಬರಲ್ಲ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆಮೇಲೆ ತಡೆಯೋಕಾಗಲಿಲ್ಲ.

"ಅಮ್ಮಾ, ಆ ನೀರು ಮಾಡಿದ್ದು ನಾನು."

ಅಮ್ಮ ಕನ್ನಡಕ ಹಾಕಿಕೊಂಡು, ಬಗ್ಗಿ, ಅದೇ ನೀರಿನಲ್ಲಿ ಎಲ್ಲಿ ಕೆಟ್ಟಿದೆ ಅಂತ ಹುಡುಕತೊಡಗಿದಳು.