ಥೋಡಾ ಟಿಲ್ಟ್

ಮುಲುಂಡ್,
೬ ಆಗಸ್ಟ್ ೧೯೭೨

ಪ್ರೀತಿಯ ಶಾಮಲಕ್ಕನಿಗೆ ಪಂಕಜಾಳ ನಮಸ್ಕಾರ.

ನಾವೆಲ್ಲ ಇಲ್ಲಿ ಸೌಖ್ಯ. ಮೈಸೂರಿನ ಗಂಡಿನ ಕಡೆಯವರಿಗೆ ತೋರಿಸಲು ನೀನು ಕೇಳಿದ್ದ ನನ್ನ ಫೋಟೋ ತಡವಾಯಿತು, ಬೈಯಬೇಡ. ತಪ್ಪು ಟಪಾಲಿನದಲ್ಲ, ನನ್ನ ಕತ್ತಿನದು.

ಅಮ್ಮ ರೇಷ್ಮೆ ಸೀರೆ ಉಡಿಸಿ ಮಾಟುಂಗಾದ ಸ್ಟುಡಿಯೋಗೆ ಎಳೆದೊಯ್ದಳು. ಫೋಟೋದವನು ನನ್ನ ಎಡಗೆನ್ನೆಯ ಕೆಂಪು ಮಚ್ಚೆ ನೋಡಿದ, ದೀಪ ನೋಡಿದ, ಮತ್ತೆ ಮಚ್ಚೆ ನೋಡಿದ. "ಬೇಬಿ, ಥೋಡಾ ಟಿಲ್ಟ್" ಅಂದ. ಕತ್ತು ಸ್ವಲ್ಪ ಎಡಕ್ಕೆ ವಾಲಿಸಿದರೆ ಮಚ್ಚೆ ನೆರಳಿಗೆ ಹೋಗುತ್ತದಂತೆ.

ವಾಲುವುದನ್ನು ಲೋಕಲ್ ರೈಲಿನ ನಮ್ಮ ಲೇಡೀಸ್ ಡಬ್ಬಿಯವರಿಗೆ ಯಾರೂ ಕಲಿಸಬೇಕಿಲ್ಲ; ಕುರ್ಲಾ ಸ್ಟೇಷನ್ ಬಂತೆಂದರೆ ಇಡೀ ಡಬ್ಬಿಯೇ ಟಿಲ್ಟ್. ಆದರೆ ಅದು ಇನ್ನೊಬ್ಬಳಿಗೆ ಜಾಗ ಮಾಡಿಕೊಡಲು. ಇಲ್ಲಿ ನನ್ನ ಮುಖಕ್ಕೇ ಜಾಗವಿಲ್ಲ. ವಾಲುವುದಿಲ್ಲ ಎಂದೆ. ಒಂದು ಕ್ಷಣ ಕತ್ತು ಓರೆ ಮಾಡಿದರೆ ನಿನ್ನ ಗಂಟೇನು ಹೋಗುತ್ತೆ ಎಂದು ಅಮ್ಮ ಹಲ್ಲು ಕಚ್ಚಿದಳು.

"ಗಂಡ ಆದೋನ ಮುಂದೆ ಎಷ್ಟು ವರ್ಷ ಓರೆಯಾಗಿ ಕೂರಲಮ್ಮ?" ಎಂದೆ.

ಫೋಟೋದವನು ಗೊಣಗುತ್ತ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಆಗ ಅಲ್ಲಿ ಮುಖ ಮುಚ್ಚಿಕೊಂಡವನು ಅವನೊಬ್ಬನೇ.

ಮನೆಗೆ ಬಂದು ಹೇಳಿದರೆ ಅಪ್ಪ ಜಗಳ ಬಿಡಿಸುವ ಬದಲು ಡಿಕ್ಷನರಿ ಬಿಡಿಸಿದರು. ಟಿಲ್ಟ್ ಎಂದರೆ ಓರೆಯಾಗುವುದು. ಕುದುರೆ ಏರಿ, ಈಟಿ ಹಿಡಿದು, ಎದುರಾಳಿಯ ಮೇಲೆ ನುಗ್ಗುವುದು. ಇನ್ನೊಂದರ್ಥ, ಗಾಡಿಯ ಮೇಲೆ ಹೊದಿಸುವ ಬಟ್ಟೆ. ಅಮ್ಮನಿಗೆ ಬಟ್ಟೆ ಬೇಕಿತ್ತು, ನನಗೆ ಈಟಿ ಸಾಕು ಎಂದೆ. ಮುಲುಂಡಿನಲ್ಲಿ ಕುದುರೆ ಎಲ್ಲಿಂದ ತರಲಿ, ಲೋಕಲ್ ಹತ್ತಿಯೇ ನುಗ್ಗು ಎಂದು ಅಪ್ಪ ನಕ್ಕರು. ಅಮ್ಮ ಇನ್ನೂ ನಕ್ಕಿಲ್ಲ.

ಫೋಟೋ ಇದರೊಳಗಿದೆ. ಕೆನ್ನೆ ಎರಡೂ ಇವೆ, ನೋಡಿಕೋ. ಅವರಿಗೆ ಇದನ್ನೇ ಕೊಡಬೇಕು, ಹಳೆಯದು ಯಾವುದನ್ನೂ ಅಲ್ಲ. ಒಪ್ಪುವುದಾದರೆ ಹೀಗೇ ಒಪ್ಪಲಿ. ಇಲ್ಲವಾದರೆ ಫೋಟೋ ವಾಪಸು ಕೇಳು. ಬಹಳ ಚೆನ್ನಾಗಿ ಬಂದಿದೆ.

ಭಾವನಿಗೆ ನಮಸ್ಕಾರ. ನಾಣಿಗೆ ಚಿಕ್ಕಮ್ಮನ ಆಶೀರ್ವಾದ, ಒಂದು ಮುತ್ತು, ಎಡಗೆನ್ನೆಗೆ.

ಇಂತಿ,
ನೆಟ್ಟಗೆ ಕೂತಿರುವ ನಿನ್ನ ತಂಗಿ,
ಪಂಕಜಾ

ತಾ.ಕ.: ನಿನ್ನ ಮದುವೆಯ ಗ್ರೂಪ್ ಫೋಟೋ ತೆಗೆಯುವಾಗ, ಯಾರೂ ಹೇಳದೆ, ನೀನೇ ನನ್ನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದೆ. ಎಷ್ಟು ಮೆತ್ತಗೆ ಎಂದರೆ, ಮುದ್ದು ಮಾಡುತ್ತಿದ್ದೀಯ ಅಂದುಕೊಂಡೆ. ಅದಿನ್ನೂ ನಿಮ್ಮ ನಡುಮನೆಯ ಗೋಡೆಯ ಮೇಲಿದೆ. ಇದನ್ನೂ ಅದರ ಪಕ್ಕದಲ್ಲೇ ಹಾಕು, ಅಕ್ಕ. ಮೊಳೆ ನೆಟ್ಟಗೆ ಹೊಡಿ.