ಮರಳಿನಲ್ಲಿ ಹೂತ ಕ್ಯಾರೆಟ್

ಆಸ್ಪತ್ರೆಯ ಉಗ್ರಾಣದಿಂದ,
ನವೆಂಬರ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಟೀಚರಮ್ಮನಿಗೆ,

ಕೈಬರಹ ನೋಡಿದ ಕೂಡಲೇ ಹರಿದು ಹಾಕಬೇಡ. ಫೋನಿನಲ್ಲಾದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಈ ಸಂಗತಿಯನ್ನು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಇವತ್ತು ಬೆಳಿಗ್ಗೆ ಮರಳಿನೊಳಗೆ ಕೈ ಹಾಕಿ, ಮೂವತ್ತನಾಲ್ಕು ದಿನದಿಂದ ಹೂತಿಟ್ಟಿದ್ದ ಕ್ಯಾರೆಟ್ ಒಂದನ್ನು ಎಳೆದು ಮುರಿದೆ. ಟಕ್ ಅಂದಿತು! ಬಾಗಲಿಲ್ಲ, ಬಳುಕಲಿಲ್ಲ, ಟಕ್ ಅಂತ ಎರಡು ತುಂಡು. ಅಡುಗೆಯಕ್ಕ ಒಂದು ತುಂಡನ್ನು ಕಿತ್ತುಕೊಂಡು ಸೆರಗಿಗೆ ಒರೆಸಿ ಅಲ್ಲೇ ಕಚ್ಚಿ ತಿಂದಳು. ಹದಿನಾಲ್ಕು ವರ್ಷ ಫ್ರಿಜ್ಜುಗಳ ಹೊಟ್ಟೆ ಬಿಚ್ಚಿ ಅನ್ನ ತಿಂದವನು ಮಣ್ಣಿನ ಕೋಣೆಯಲ್ಲಿ ಮಕ್ಕಳ ಹಾಗೆ ಕುಣಿದೆ ಎಂದರೆ ನಂಬುತ್ತೀಯಾ? ನಂಬು.

ಮೊದಲಿನಿಂದ ಹೇಳುತ್ತೇನೆ. ಅಕ್ಟೋಬರ್ ಮೊದಲ ವಾರ ಗುಡ್ಡದ ಬುಡದ ಸೇತುವೆ ಬಿರುಕು ಬಿಟ್ಟಿತೆಂದು ಗಾಡಿಗಳನ್ನೆಲ್ಲ ನಿಲ್ಲಿಸಿದರು. ಈಗ ಜನ ನಡೆದು ದಾಟಬಹುದು, ಅಷ್ಟೆ. ಮುಚ್ಚುವ ಹಿಂದಿನ ದಿನ ಆರು ವಾರಕ್ಕಾಗುವಷ್ಟು ತರಕಾರಿಯನ್ನು ಲಾರಿಯಲ್ಲಿ ತರಿಸಿ ಶೀತಲ ಕೋಣೆಗೆ ತುಂಬಿದ್ದೆವು. ಮೂರೇ ದಿನ, ಕಂಪ್ರೆಸರ್ ಸುಟ್ಟುಹೋಯಿತು. ಯಂತ್ರ ನೋಡಿಕೊಳ್ಳುವುದೇ ಇಲ್ಲಿ ನನ್ನ ಕೆಲಸ, ಸುಟ್ಟಿದ್ದೂ ನನ್ನ ತಪ್ಪಿನಿಂದಲೇ. ಹಿಂಬದಿಯ ಜಾಲರಿಯಲ್ಲಿ ಧೂಳು ಕಟ್ಟಿರುವುದನ್ನು ನೋಡಿಯೂ ನಾಳೆ ತೊಳೆದರಾಯಿತು ಎಂದುಕೊಂಡಿದ್ದೆ. ನನ್ನ 'ನಾಳೆ' ನಿನಗೆ ಗೊತ್ತಲ್ಲ. ಹೊಸದನ್ನು ತರಲು ಲಾರಿಯೇ ಬೇಕು. ಔಷಧಿಯ ಪುಟ್ಟ ಫ್ರಿಜ್ ಬೇರೆ ಇದೆ, ಪುಣ್ಯಕ್ಕೆ ಅದು ಸರಿಯಿತ್ತು. ಆದರೆ ಎಂಬತ್ತು ರೋಗಿಗಳ ಊಟ?

ದೊಡ್ಡ ಡಾಕ್ಟರಮ್ಮನ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬೈಯೋಕೆ ನನಗೆ ಟೈಮಿಲ್ಲ. ಏನ್ ಮಾಡ್ತೀಯ ಹೇಳು" ಎಂದರು. ನನ್ನ ಬಾಯಿಂದ, "ಹೂಳ್ತೀನಿ ಡಾಕ್ಟ್ರೇ" ಎಂಬ ಮಾತು ತಾನಾಗಿ ಬಂತು.

ಯಾರ ಮಾತು ನೆನಪಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ, ನನ್ನ ವರ್ಕ್‌ಷಾಪಿನ ಗೆಳೆಯರೆಲ್ಲ ಊಟಕ್ಕೆ ಕೂತಿದ್ದಾಗ, ನಿನ್ನಪ್ಪ ತಮ್ಮ ಹಳೆಯ ಮನೆಯ ನೆಲಮಾಳಿಗೆಯ ಕಥೆ ಹೇಳುತ್ತಿದ್ದರು. ಚಳಿಗಾಲಪೂರ್ತಿ ತರಕಾರಿ ಹೇಗೆ ಉಳಿಯುತ್ತಿತ್ತು, ಮರಳು ಎಷ್ಟು ಹಸಿ ಇರಬೇಕು, ಗಾಳಿ ಎಲ್ಲಿಂದ ಬರಬೇಕು ಎಂದೆಲ್ಲ. ನಾನು, "ಮಾವ, ಸತ್ತೋರನ್ನ ಹೂಳೋದು ಕೇಳಿದ್ದೆ, ಕ್ಯಾರೆಟ್ ಹೂಳೋದು ಇವತ್ತೇ ಕೇಳಿದ್ದು!" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ಅರ್ಧ ಊಟಕ್ಕೇ ಕೈ ತೊಳೆದರು. ಮಾರನೆಯ ವಾರ ನೀನು ಅವರ ಜೊತೆ ಹೊರಟು ನಿಂತಾಗ, "ನಗೋಕೆ ನಿಮಗೆ ನಮ್ಮಪ್ಪನೇ ಬೇಕಿತ್ತಾ?" ಎಂದು ಕೇಳಿದೆ. ಅವತ್ತು ನಾನು ಉತ್ತರ ಕೊಡಲಿಲ್ಲ. ಇವತ್ತು ಕೊಡುತ್ತೇನೆ: ಬೇಕಿರಲಿಲ್ಲ. ತಪ್ಪಾಯಿತು.

ಬಟ್ಟೆ ಒಗೆಯುವ ಕೋಣೆಯ ಕೆಳಗೆ ಇದ್ದಿಲು ಇಡುತ್ತಿದ್ದ ಹಳೆಯ ನೆಲಮನೆಯೊಂದಿತ್ತು. ಮೂರು ಕಡೆ ಮಣ್ಣು, ಒಂದು ಕಡೆ ಬಾಗಿಲು. ಅದರ ಕಸ ಬಳಿದು, ನೆರಳಿನಲ್ಲಿದ್ದ ಬಾಗಿಲ ಕಡೆಯ ಗೋಡೆಗೆ ನೆಲದ ಮಟ್ಟದಲ್ಲಿ ಒಂದು ತೂತು, ಎದುರು ಗೋಡೆಗೆ ಸೂರಿನ ಹತ್ತಿರ ಇನ್ನೊಂದು ತೂತು ಕೊರೆದು ಪೈಪು ಕೂರಿಸಿದೆ. ರಾತ್ರಿಯ ತಣ್ಣನೆಯ ಗಾಳಿ ಕೆಳಗಿನಿಂದ ಬಂದು ಬಿಸಿ ಗಾಳಿಯನ್ನು ಮೇಲಿನ ತೂತಿನಿಂದ ಹೊರಗೆ ದಬ್ಬುತ್ತದೆ. ನಾನು ಜೀವನಪೂರ್ತಿ ಮೋಟಾರು ಇಟ್ಟು ಮಾಡಿಸಿದ್ದೂ ಇದನ್ನೇ ಅಲ್ಲವೇ! ನೆಲಕ್ಕೆ ನೀರು ಚಿಮುಕಿಸಿ, ಥರ್ಮಾಮೀಟರ್ ನೇತುಹಾಕಿ ಮಾರನೆಯ ದಿನ ನೋಡಿದರೆ ಹೊರಗೆ ಇಪ್ಪತ್ತು ಡಿಗ್ರಿ, ಒಳಗೆ ಒಂಬತ್ತು. ಮೆಟ್ಟಿಲು ಹಾರಿಕೊಂಡು ಹೋಗಿ ಅಡುಗೆಮನೆಯಲ್ಲಿ, "ಒಂಬತ್ತು! ಒಂಬತ್ತು!" ಎಂದು ಕೂಗಿದೆ. ಅಡುಗೆಯಕ್ಕ ಒಂಬತ್ತು ಜನಕ್ಕೆ ಊಟ ಜಾಸ್ತಿ ಬೇಕೆಂದುಕೊಂಡು ಎಸರಿಗೆ ಇನ್ನಷ್ಟು ನೀರು ಸುರಿದಳು.

ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು, ಅಂಥ ಮರಳು. ಅದರಲ್ಲಿ ಕ್ಯಾರೆಟ್ಟು, ಬೀಟ್‌ರೂಟು, ಒಂದಕ್ಕೊಂದು ತಾಕದ ಹಾಗೆ ಸಾಲು ಸಾಲು. ಎಲೆಕೋಸನ್ನು ಬೇರಿನ ಕಡೆಯಿಂದ ಕಟ್ಟಿ ಜಂತಿಗೆ ತಲೆಕೆಳಗಾಗಿ ನೇತುಹಾಕಿದೆವು. ಈರುಳ್ಳಿಗೆ ಮಾತ್ರ ತೇವ ಆಗದು, ಅದನ್ನು ಅಟ್ಟಕ್ಕೆ ಏರಿಸಿದೆವು. ಆಲೂಗಡ್ಡೆ ಕತ್ತಲ ಮೂಲೆಗೆ.

ಎರಡು ವಾರದ ಮೇಲೆ ನನ್ನ ಎದೆ ಒಡೆಯಿತು. ಆಲೂಗಡ್ಡೆಗೆ ಮೊಳಕೆ! ಒಂದಕ್ಕಲ್ಲ, ಎರಡು ಮೂಟೆಗೆ. ಅಡುಗೆಯಕ್ಕ ಸೊಂಟದ ಮೇಲೆ ಕೈಯಿಟ್ಟು, "ಏನಪ್ಪಾ, ಉಳಿಸ್ತೀನಂತ ಹೇಳಿ ಬಿತ್ತನೆ ಮಾಡಿದ್ಯಾ?" ಎಂದಳು. ಜಾಗ ಸಾಲದೆಂದು ಸೇಬಿನ ಪೆಟ್ಟಿಗೆಗಳನ್ನು ಆಲೂಗಡ್ಡೆಯ ಪಕ್ಕದಲ್ಲೇ ಇಟ್ಟಿದ್ದೆ. ಸೇಬು ಬಿಡುವ ಉಸಿರಿಗೆ ಆಲೂಗಡ್ಡೆ ಮೊಳೆಯುತ್ತದಂತೆ. ನಿನ್ನಪ್ಪ ಅವತ್ತು ಅದನ್ನೂ ಹೇಳಿದ್ದರು. ಆ ಭಾಗಕ್ಕೆ ಬರುವಷ್ಟರಲ್ಲಿ ನಾನು ನಗುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ. ಈಗ ಹೇಗೆ ಗೊತ್ತಾಯಿತೆಂದು ಕೇಳಬೇಡ. ಸೇಬನ್ನು ಬೇರೆ ಕೋಣೆಗೆ ಸಾಗಿಸಿದೆವು. ಮಿಕ್ಕ ಹದಿನಾಲ್ಕು ಮೂಟೆ ಉಳಿಯಿತು.

ಇಲ್ಲಿಯವರೆಗೆ ಒಬ್ಬ ರೋಗಿಯ ತಟ್ಟೆಯೂ ಬರಿದಾಗಿಲ್ಲ. ನಿನ್ನೆ ದೊಡ್ಡ ಡಾಕ್ಟರಮ್ಮ ತಾವೇ ಕೆಳಗಿಳಿದು ಬಂದರು. ಜಂತಿಯ ಕೋಸಿಗೆ ತಲೆ ಬಡಿಸಿಕೊಂಡು, ನಕ್ಕು, "ಹೊಸ ಯಂತ್ರ ಬಂದ್ರೂ ಈ ಕೋಣೆ ಹೀಗೇ ಇರ್ಲಿ. ಇನ್ನೊಂದನ್ನೂ ಮಾಡು" ಎಂದರು. ನನ್ನ ಕೆಲಸ ಹೋಗಲಿಲ್ಲ ಮಾರಾಯ್ತಿ, ಇಮ್ಮಡಿಯಾಯಿತು! ಉಗುರಿನಲ್ಲಿ ಗ್ರೀಸಿನ ಜೊತೆಗೆ ಮಣ್ಣೂ ಸೇರಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ಹೋಗದಿದ್ದರೂ ಚಿಂತೆಯಿಲ್ಲ.

ಇದನ್ನೆಲ್ಲ ನಿನಗೆ ತೋರಿಸಬೇಕು. ಬರೆದು ಮುಗಿಯುವಂಥದ್ದಲ್ಲ.

ಇಂತಿ,
ನೀನೇ ಹೆಸರಿಟ್ಟ
ಸ್ಕ್ರೂಡ್ರೈವರ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಗೆಳೆಯನ ಮನೆಗೆಂದು ಹೇಳಿ ನಿನ್ನಪ್ಪ ಹೊರಟು ಹದಿನೆಂಟು ದಿನವಾಯಿತಲ್ಲ, ಅವರು ಇಲ್ಲಿದ್ದಾರೆ. ಮೊಳಕೆ ಕಂಡ ದಿನ, ನೀನು ಶಾಲೆಗೆ ಹೋಗಿರುವ ಹೊತ್ತು ನೋಡಿ ಮನೆಗೆ ಫೋನ್ ಮಾಡಿದೆ. ಮಾರನೆಯ ದಿನವೇ ಸೇತುವೆ ನಡೆದು ದಾಟಿ ಬಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, "ಅದೆಲ್ಲ ಆಮೇಲೆ ಕಣಯ್ಯಾ, ಮೊದ್ಲು ಆ ಸೇಬು ಆಚೆ ಹಾಕು" ಎಂದರು. ನಿನಗೆ ತಿಳಿಸಕೂಡದೆಂದು ಮಾತು ತೆಗೆದುಕೊಂಡಿದ್ದರು. ಇವತ್ತು ಅವರೇ, "ಬರೆದ್ಬಿಡು. ಅವಳೂ ಬರ್ಲಿ. ನಾನೊಬ್ನೇ ವಾಪಸ್ ಹೋಗಿ, ಇಷ್ಟು ದಿನ ಎಲ್ಲಿದ್ರಿ ಅಂತ ಅವಳು ಕೇಳಿದ್ರೆ ಏನಂತ ಉತ್ತರ ಕೊಡ್ಲಿ?" ಎನ್ನುತ್ತಿದ್ದಾರೆ. ಶನಿವಾರ ನಿನಗೆ ಅರ್ಧ ದಿನವಷ್ಟೇ ಶಾಲೆ. ಸೇತುವೆಯ ಈ ತುದಿಯಲ್ಲಿ ಮಾವ, ಅಳಿಯ ಇಬ್ಬರೂ ನಿಂತಿರುತ್ತೇವೆ.