ಡಿಕ್ಕಿಯಲ್ಲಿಟ್ಟ ವೈನು

ಮೆಟುಚೆನ್, ನ್ಯೂಜೆರ್ಸಿ
೨೦ ಅಕ್ಟೋಬರ್ ೨೦೦೮

ಪ್ರೀತಿಯ ಕೌಸಲ್ಯಕ್ಕಾ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ.

ಇವರ ಆಫೀಸಿನಲ್ಲಿ ವಾರವಾರವೂ ಒಂದಷ್ಟು ಜನರನ್ನು ಕೆಲಸದಿಂದ ತೆಗೆಯುತ್ತಿದ್ದಾರೆ. ಕೆಲಸ ಹೋದರೆ ವೀಸಾ ಕೂಡ ಹೋದ ಹಾಗೆ. ಅನ್ವಿತಾಳ ಸ್ಕೂಲು, ಈ ಮನೆ, ಎಲ್ಲ ಬಿಟ್ಟು ಹೊರಡಬೇಕು. ಭಯಕ್ಕೆ ನನಗೆ ಊಟ ಸೇರುತ್ತಿಲ್ಲ. ಇವರು ಮಾತ್ರ, ಬಾಸ್ ಮಾರ್ಸೆಲ್ ತನ್ನನ್ನು ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ.

ಮಾರ್ಸೆಲ್ ಫ್ರಾನ್ಸಿನವರು. ಅವರ ಚಿಕ್ಕಪ್ಪನಿಗೆ ಅಲ್ಲಿ ಸಣ್ಣದೊಂದು ದ್ರಾಕ್ಷಿತೋಟವಿದೆಯಂತೆ, ಮನೆಮಂದಿಯೇ ಹಣ್ಣು ಕಿತ್ತು ವೈನ್ ಮಾಡುತ್ತಾರಂತೆ. ಜುಲೈನಲ್ಲಿ ಆ ಕೆಂಪು ವೈನಿನ ಬಾಟಲಿಯೊಂದನ್ನು ಇವರ ಕೈಗಿಟ್ಟು, ಒಂದು ದಿನ ನಿಮ್ಮ ಮನೆಗೇ ಬಂದು ಒಟ್ಟಿಗೆ ಕುಡಿಯೋಣ ಎಂದಿದ್ದರು. ಇವರು ಅದನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟರು. ಪಕ್ಕದಲ್ಲೇ ನನ್ನ ದೇವರ ಗೂಡು. ವರಮಹಾಲಕ್ಷ್ಮಿಗೆ ಕಳಶ ಕೂರಿಸುವಾಗ ಮನೆಯೊಳಗೆ ಹೆಂಡ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ. ಗೌರಿ ಹಬ್ಬವೂ ಮುಗಿಯಲಿ ಎಂದು ಆ ಬಿಸಿಲಿನಲ್ಲಿ ಅಲ್ಲೇ ಬಿಟ್ಟೆ. ತೆಗೆದು ನೋಡಿದರೆ ಬಿರಡೆ ಮೇಲೆದ್ದಿತ್ತು, ಬಾಟಲಿಯ ಕತ್ತೆಲ್ಲ ಅಂಟಂಟು. ವೈನ್ ಅಂಗಡಿಯವನನ್ನು ಕೇಳಿದೆ. ಅದು ಕೆಟ್ಟಿತು, ಅಂಥ ಸಣ್ಣ ತೋಟದ್ದು ಇಲ್ಲಿ ಇನ್ನೊಂದು ಸಿಗುವುದೂ ಇಲ್ಲ ಎಂದ. ಒರೆಸಿ, ಬಿರಡೆ ಒತ್ತಿ, ಸುಮ್ಮನೆ ಕಪಾಟಿಗೆ ಸೇರಿಸಿದೆ.

ಮೊನ್ನೆ ಶನಿವಾರ ಮಾರ್ಸೆಲ್ ಊಟಕ್ಕೆ ಬಂದರು. ನಾನು ಬಿಸಿಬೇಳೆಬಾತ್ ಬಡಿಸುತ್ತಿದ್ದಾಗ ಇವರು ಆ ಬಾಟಲಿ ತಂದು ಅವರ ಮುಂದಿಟ್ಟರು. ಬಿರಡೆ ತೆಗೆದು ಮೂಸಿದರು. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು ಇವರ ಮುಖವನ್ನೊಮ್ಮೆ ನೋಡಿದರು. ಆಮೇಲೆ, ಚಿಕ್ಕಪ್ಪ ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ ಎಂದು ಹೊಗಳಿ ಲೋಟ ಪೂರ್ತಿ ಮುಗಿಸಿದರು. ವೈನಿನ ಗಂಧಗಾಳಿ ಗೊತ್ತಿಲ್ಲದ ಇವರೂ ಸೂಪರ್ ಎಂದು ತಲೆಯಾಡಿಸಿದರು.

ಅವರು ಹೋದ ಮೇಲೆ ಲೋಟದಲ್ಲಿ ಉಳಿದದ್ದನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ, ದೇವರು ಕ್ಷಮಿಸಲಿ. ಹಳಸಿದ ಗೊಜ್ಜಿನ ಹಾಗಿತ್ತು. ಅದನ್ನೇ ಕುಡಿದು ಬೆಳೆದವರಿಗೆ ತಿಳಿಯಲಿಲ್ಲವೇ ಅಕ್ಕಾ? ಬೈದಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಹೊರಡುವಾಗ ಅನ್ವಿತಾಳ ತಲೆ ಸವರಿದರು, ನನ್ನ ಮುಖ ನೋಡಲಿಲ್ಲ. ನಮ್ಮ ಮೇಲೆ ಅವರಿಗೆ ಇಷ್ಟೊಂದು ಕರುಣೆ ಯಾಕೆ? ಕೆಲಸದ ವಿಷಯದಲ್ಲಿ ಇವರನ್ನು ಎಚ್ಚರಿಸೋಣವೆಂದರೆ ಡಿಕ್ಕಿಯ ವಿಷಯವನ್ನೂ ಹೇಳಬೇಕಾಗುತ್ತದೆ. ಇವರು ನಿನ್ನೆಯಿಂದ ಹಾಡು ಗುನುಗಿಕೊಂಡು ಓಡಾಡುತ್ತಿದ್ದಾರೆ.

ನಿನ್ನ ತಂಗಿ,
ಸಿಂಧು

ತಾ.ಕ.: ನಿಮ್ಮ ಮಹಡಿಯ ಖಾಲಿ ಮನೆಗೆ ಬಾಡಿಗೆಯವರು ಬಂದು ಕೇಳಿದರೆ ಈಗಲೇ ಒಪ್ಪಿಕೊಳ್ಳಬೇಡ. ಭಾವನಿಗೆ ಏನಾದರೊಂದು ನೆಪ ಹೇಳು.